ಕಥೆಯಲ್ಲಿಯ ತಪ್ಪು, ವರ್ಗದಲ್ಲಿಯ ಪಾಠ: ಪ್ರೌಢಶಾಲೆಯ ವಿಜ್ಞಾನ ಬೋಧನೆಯಲ್ಲಿ ವಿಜ್ಞಾನ ಕಥೆಗಳ ಬಳಕೆ

ಹತ್ತನೆಯ ಇಯತ್ತೆಯ ವಿದ್ಯಾರ್ಥಿಯೊಬ್ಬನಿಗೆ ಭೂಮಿಯ ವಿಮೋಚನಾ ವೇಗ ಎಷ್ಟೆಂದು ಕೇಳಿದರೆ, ಸೆಕೆಂಡಿಗೆ 11.2 ಕಿಲೋಮೀಟರ್ ಎಂದು ಅವನು ತಡವರಿಸದೆ ಹೇಳುತ್ತಾನೆ. ಆ ವೇಗದಲ್ಲಿ ಹೊರಟ ವಸ್ತುವಿನೊಳಗೆ ಮನುಷ್ಯನೊಬ್ಬ ಕುಳಿತಿದ್ದರೆ ಅವನ ಗತಿಯೇನು ಎಂದು ಮುಂದೆ ಕೇಳಿದರೆ ಸುಮ್ಮನಾಗುತ್ತಾನೆ. ಅವನಿಗೆ ಸಂಖ್ಯೆ ಗೊತ್ತಿದೆ, ಸಂಖ್ಯೆಯ ಹಿಂದಿರುವ ಸಂಗತಿ ಗೊತ್ತಿಲ್ಲ. ಮಂಡಳಿಯ ಪರೀಕ್ಷೆಗೆ ಮೊದಲನೆಯದು ಸಾಕಾಗಬಹುದು. ವಿಜ್ಞಾನವನ್ನು ಕಲಿತನೆಂದು ಹೇಳಬೇಕಾದರೆ ಎರಡನೆಯದೂ ಬೇಕು.

ಈ ಕೊರತೆಯನ್ನು ತುಂಬಲು ಅಧ್ಯಾಪಕರ ಕೈಯಲ್ಲಿರುವ ಸಾಧನಗಳಲ್ಲಿ ವಿಜ್ಞಾನ ಕಥೆಯೂ ಒಂದು. ಪ್ರಯೋಗಶಾಲೆಗೆ ಸಲಕರಣೆ ಬೇಕು, ಕಥೆಗೆ ಓದುವ ಕಣ್ಣು ಮತ್ತು ಪ್ರಶ್ನಿಸುವ ಮನಸ್ಸು ಸಾಕು. ಆದರೆ ಕಥೆಯನ್ನು ಓದಿಸಿದ ಮಾತ್ರಕ್ಕೆ ವಿಜ್ಞಾನ ಬರುವುದಿಲ್ಲ. ಕಥೆಗಾರನು ಹೇಳಿದ್ದು ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದನ್ನು ವಿದ್ಯಾರ್ಥಿಯೇ ಪರೀಕ್ಷಿಸಿದಾಗ ಕಥೆ ಪಾಠವಾಗುತ್ತದೆ. ಈ ಲೇಖನದ ಮುಖ್ಯ ಸೂಚನೆ ಇದೇ. ಕಥೆ ಆರಂಭ ಮಾತ್ರ, ಪರೀಕ್ಷಣೆಯೇ ಪಾಠ.

ಗಡಿಯ ಮಗುವಿನ ಎರಡು ಗ್ರಂಥಾಲಯಗಳು

ವಿಜ್ಞಾನ ಕಥೆಯೆಂದರೆ ವಿದೇಶದ ಸರಕು ಎಂಬ ಭಾವನೆ ನಮ್ಮಲ್ಲಿ ಸಾಮಾನ್ಯ. ಕೊಲ್ಹಾಪುರದ ಸುತ್ತಲಿನ ಅಧ್ಯಾಪಕರು ಹಾಗೆ ಭಾವಿಸಬೇಕಾದ ಕಾರಣವಿಲ್ಲ. ಭಾರತದ ಹೆಸರಾಂತ ಖಗೋಳ ವಿಜ್ಞಾನಿ ಜಯಂತ ನಾರಳೀಕರರು ಹುಟ್ಟಿದ್ದು ಕೊಲ್ಹಾಪುರದಲ್ಲಿಯೇ, 1938ರ ಜುಲೈ 19ರಂದು. ಬನಾರಸ ಹಾಗೂ ಕೇಂಬ್ರಿಜ್‌ಗಳಲ್ಲಿ ಓದಿ, ಫ್ರೆಡ್ ಹಾಯ್ಲ್ ಅವರೊಡನೆ ಸಂಶೋಧನೆ ನಡೆಸಿ, ಮುಂದೆ ಪುಣೆಯ ಅಂತರ ವಿಶ್ವವಿದ್ಯಾಲಯ ಖಗೋಳ ಹಾಗೂ ಖಭೌತ ಕೇಂದ್ರದ ಸಂಸ್ಥಾಪಕ ನಿರ್ದೇಶಕರಾದ ಅವರು 2025ರ ಮೇ 20ರಂದು ಪುಣೆಯಲ್ಲಿ ನಿಧನರಾದರು. ಗುರುವಾದ ಹಾಯ್ಲ್ ಕೂಡ ವಿಜ್ಞಾನ ಕಾದಂಬರಿಕಾರರಾಗಿದ್ದರೆಂಬುದು ಇಲ್ಲಿ ನೆನೆಯತಕ್ಕ ಸಂಗತಿ.

1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತು ಏರ್ಪಡಿಸಿದ ಕಥಾ ಸ್ಪರ್ಧೆಗೆ ನಾರಳೀಕರರು ‘ಕೃಷ್ಣವಿವರ’ ಎಂಬ ಕಥೆಯನ್ನು ಕಳಿಸಿದರು. ತಮ್ಮ ಹೆಸರು ತೀರ್ಪುಗಾರರ ಮೇಲೆ ಪ್ರಭಾವ ಬೀರಬಾರದೆಂದು ಹೆಸರಿನ ಮೊದಲಕ್ಷರಗಳನ್ನು ತಿರುವುಮುರುವು ಮಾಡಿ ‘ನಾರಾಯಣ ವಿನಾಯಕ ಜಗತಾಪ’ ಎಂಬ ಗುಪ್ತನಾಮವನ್ನು ಇಟ್ಟುಕೊಂಡರು. ಕೈಬರಹದ ಗುರುತು ಸಿಗದಂತೆ ಪ್ರತಿಯನ್ನು ಪತ್ನಿಯಿಂದ ಬರೆಯಿಸಿದರು. ಕಥೆಗೆ ಮೊದಲ ಬಹುಮಾನ ಬಂದಿತು. ಮಾತು ಯಾರದು ಎಂಬುದಲ್ಲ, ಮಾತಿನಲ್ಲಿ ಏನಿದೆ ಎಂಬುದು ಮುಖ್ಯ ಎಂಬ ವೈಜ್ಞಾನಿಕ ಮನೋಧರ್ಮವನ್ನು ವಿದ್ಯಾರ್ಥಿಗಳಿಗೆ ತಿಳಿಸಲು ಈ ಪ್ರಸಂಗವೊಂದೇ ಸಾಕು. ಮುಂದೆ 1979ರಲ್ಲಿ ಅವರ ‘ಯಕ್ಷಾಂಚೀ ದೇಣಗೀ’ ಎಂಬ ಕಥಾಸಂಗ್ರಹ ಪ್ರಕಟವಾಯಿತು.

ಶಿರೋಳಿ, ಇಚಲಕರಂಜಿ, ಗಡಹಿಂಗ್ಲಜ ಭಾಗದಲ್ಲಿ ಮನೆಯಲ್ಲಿ ಕನ್ನಡವಾಡುವ ಮಗು ಪೇಟೆಯಲ್ಲಿ ಮರಾಠಿಯನ್ನು ಕೇಳುತ್ತದೆ, ಶಾಲೆಯಲ್ಲಿ ಮರಾಠಿಯನ್ನು ಓದುತ್ತದೆ. ಈ ಸ್ಥಿತಿಯನ್ನು ನಾವು ಬಹುಮಟ್ಟಿಗೆ ಹೊರೆಯೆಂದೇ ಎಣಿಸುತ್ತೇವೆ. ವಿಜ್ಞಾನ ಕಥೆಯ ವಿಷಯದಲ್ಲಿ ಅದು ಹೊರೆಯಲ್ಲ, ಸಂಪತ್ತು. ಬೆಂಗಳೂರಿನ ಮಗು ಅನುವಾದಕ್ಕಾಗಿ ಕಾಯಬೇಕಾದ ಕಥೆಯನ್ನು ಇಲ್ಲಿಯ ಮಗು ಮೂಲದಲ್ಲಿಯೇ ಓದಬಲ್ಲದು. ಅದೇ ಮಗು ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯನ್ನೂ, ರಾಜಶೇಖರ ಭೂಸನೂರಮಠರ ವಿಜ್ಞಾನ ಕಥೆಗಳನ್ನೂ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಪತ್ರಿಕೆಯನ್ನೂ ಓದಬಲ್ಲದು. ಎರಡು ಗ್ರಂಥಾಲಯಗಳ ಕೀಲಿಕೈ ಅದರ ಬಳಿಯಲ್ಲಿದೆ. ಬಾಗಿಲನ್ನು ತೋರಿಸುವ ಕೆಲಸ ಅಧ್ಯಾಪಕರದು.

ನಾಲ್ಕು ಅವಧಿಗಳ ಕ್ರಮ

ಒಂದು ಕಥೆಗೆ ನಾಲ್ಕು ಅವಧಿಗಳು ಸಾಕು. ಅವು ಪಾಠ್ಯಕ್ರಮದ ಹೊರಗಿನವಾಗಬಾರದು. ಸಂಬಂಧಪಟ್ಟ ಘಟಕಕ್ಕೆ ಮೀಸಲಾದ ಅವಧಿಗಳಲ್ಲಿಯೇ ಇವನ್ನು ಹೊಂದಿಸಿಕೊಳ್ಳಬೇಕು.

ಮೊದಲನೆಯ ಅವಧಿ ಓದಿಗೆ. ಇಡೀ ಕಥೆಯನ್ನು ಓದಿಸುವುದು ಅನಿವಾರ್ಯವಲ್ಲ. ಪುಸ್ತಕ ಸಿಗದಿದ್ದರೆ ಅಧ್ಯಾಪಕರು ಕಥೆಯನ್ನು ತಮ್ಮ ಮಾತಿನಲ್ಲಿ ಹೇಳಬಹುದು. ಮರಾಠಿ ಕಥೆಯಾದರೆ ಒಂದು ಪುಟವನ್ನು ಮೂಲದಲ್ಲಿ ಓದಿಸಿ, ಮುಂದಿನದನ್ನು ಕನ್ನಡದಲ್ಲಿ ಹೇಳಬಹುದು. ಈ ಅವಧಿಯಲ್ಲಿ ಪ್ರಶ್ನೆ ಬೇಡ. ಕಥೆಯನ್ನು ಕಥೆಯಾಗಿ ಸವಿಯಲು ಬಿಡಬೇಕು. ಸ್ವಾರಸ್ಯ ಹತ್ತದ ಕಥೆಯನ್ನು ಪರೀಕ್ಷಿಸುವ ಆಸೆ ಯಾವ ಮಗುವಿಗೂ ಆಗದು.

ಎರಡನೆಯ ಅವಧಿ ವಿಂಗಡಣೆಗೆ. ಕರಿಹಲಗೆಯ ಮೇಲೆ ಮೂರು ಕಾಲಮುಗಳನ್ನು ಎಳೆಯಬೇಕು: ಇಂದು ತಿಳಿದಿರುವ ವಿಜ್ಞಾನ, ಮುಂದೆ ಸಾಧ್ಯವಾಗಬಹುದಾದದ್ದು, ತಿಳಿದ ನಿಯಮಕ್ಕೆ ವಿರುದ್ಧವಾದದ್ದು. ಕಥೆಯಲ್ಲಿಯ ಒಂದೊಂದು ಸಂಗತಿಯನ್ನೂ ವಿದ್ಯಾರ್ಥಿಗಳು ಇವುಗಳಲ್ಲಿ ಒಂದಕ್ಕೆ ಸೇರಿಸಿ ಕಾರಣ ಹೇಳಬೇಕು. ಭಿನ್ನಾಭಿಪ್ರಾಯ ಬಂದಲ್ಲಿ ಅಧ್ಯಾಪಕರು ತೀರ್ಪು ಕೊಡಬಾರದು. ಆ ಸಂಗತಿಗೆ ಗುರುತು ಹಾಕಿ ಮುಂದಿನ ಅವಧಿಗೆ ಉಳಿಸಬೇಕು.

ಮೂರನೆಯ ಅವಧಿ ಲೆಕ್ಕ ಹಾಗೂ ಪ್ರಯೋಗಕ್ಕೆ. ಗುರುತು ಹಾಕಿದ ಸಂಗತಿಗಳಲ್ಲಿ ಒಂದೆರಡನ್ನು ಪಠ್ಯಪುಸ್ತಕದ ಸೂತ್ರದಿಂದಾಗಲಿ, ಸುಲಭ ಪ್ರಯೋಗದಿಂದಾಗಲಿ ಪರೀಕ್ಷಿಸಬೇಕು.

ನಾಲ್ಕನೆಯ ಅವಧಿ ತಿದ್ದುಪಡಿಗೆ. ಕಥೆಯ ತಪ್ಪಾದ ಭಾಗವನ್ನು, ಸ್ವಾರಸ್ಯ ಕೆಡದಂತೆ, ವಿಜ್ಞಾನಕ್ಕೆ ಸರಿಹೊಂದುವ ಹಾಗೆ ವಿದ್ಯಾರ್ಥಿಗಳು ಒಂದು ಪುಟದಲ್ಲಿ ತಿರುಗಿ ಬರೆಯಬೇಕು. ಲೆಕ್ಕ ತಿಳಿಯದವನು ಈ ಪುಟವನ್ನು ಬರೆಯಲಾರ. ಆದ್ದರಿಂದ ಇದೇ ಮೌಲ್ಯಮಾಪನವೂ ಆಗುತ್ತದೆ.

ಮೊದಲನೆಯ ಉದಾಹರಣೆ: ಚಂದ್ರನತ್ತ ಹಾರಿಸಿದ ತೋಪು

ಫ್ರಾನ್ಸಿನ ಜೂಲ್ ವರ್ನ್ 1865ರಲ್ಲಿ ಪ್ರಕಟಿಸಿದ ‘ಭೂಮಿಯಿಂದ ಚಂದ್ರನಿಗೆ’ ಕಾದಂಬರಿಯಲ್ಲಿ ಅಮೇರಿಕೆಯ ಫ್ಲಾರಿಡಾದ ನೆಲದೊಳಗೆ 900 ಅಡಿ ಉದ್ದದ ತೋಪನ್ನು ಎರಕ ಹೊಯ್ಯುತ್ತಾರೆ. ಮೂವರು ಮನುಷ್ಯರನ್ನು ಹೊತ್ತ ಅಲ್ಯೂಮಿನಿಯಂ ಗುಂಡನ್ನು ಸೆಕೆಂಡಿಗೆ ಸುಮಾರು 11 ಕಿಲೋಮೀಟರ್ ವೇಗದಲ್ಲಿ ಚಂದ್ರನತ್ತ ಹಾರಿಸುತ್ತಾರೆ. ಉತ್ತರಭಾಗವಾದ ‘ಚಂದ್ರನ ಸುತ್ತ’ ಎಂಬ ಕಾದಂಬರಿಯಲ್ಲಿ ಆ ಮೂವರು ಚಂದ್ರನನ್ನು ಬಳಸಿ ಬಂದು ಪೆಸಿಫಿಕ್ ಸಾಗರದಲ್ಲಿ ಬೀಳುತ್ತಾರೆ. ಒಂದು ಶತಮಾನದ ನಂತರ, 1968ರ ಡಿಸೆಂಬರಿನಲ್ಲಿ, ಅಪೋಲೋ 8 ನೌಕೆ ಫ್ಲಾರಿಡಾದಿಂದಲೇ ಮೂವರನ್ನು ಹೊತ್ತು ಹೊರಟು, ಚಂದ್ರನನ್ನು ಸುತ್ತಿ, ಪೆಸಿಫಿಕ್ ಸಾಗರದಲ್ಲಿಯೇ ಇಳಿಯಿತು.

ಈ ಹೋಲಿಕೆಯನ್ನು ಕೇಳಿ ವಿದ್ಯಾರ್ಥಿಗಳು ಬೆರಗಾಗುತ್ತಾರೆ. ಬೆರಗಿನಲ್ಲಿಯೇ ಪಾಠವನ್ನು ಮುಗಿಸಿದರೆ ವರ್ನ್ ಭವಿಷ್ಯ ನುಡಿದನೆಂಬ ತಪ್ಪು ಕಲ್ಪನೆ ಉಳಿಯುತ್ತದೆ. ಅವನು ಬಳಸಿದ ವೇಗ ಸರಿ. ಆದರೆ ತೋಪಿನಿಂದ ಮನುಷ್ಯರನ್ನು ಕಳಿಸಬಹುದೇ? ಇಲ್ಲಿ ಒಂಬತ್ತನೆಯ ಇಯತ್ತೆಯ ಚಲನೆಯ ಸಮೀಕರಣ ಕೆಲಸಕ್ಕೆ ಬರುತ್ತದೆ.

ತೋಪಿನ ಉದ್ದ 900 ಅಡಿ, ಎಂದರೆ ಸುಮಾರು 274 ಮೀಟರ್. ಆರಂಭದ ವೇಗ ಸೊನ್ನೆ, ಬಾಯಿಯಿಂದ ಹೊರಡುವ ವೇಗ ಸೆಕೆಂಡಿಗೆ 11,000 ಮೀಟರ್. ಅಂತಿಮ ವೇಗದ ವರ್ಗವನ್ನು ದೂರದ ಇಮ್ಮಡಿಯಿಂದ ಭಾಗಿಸಿದರೆ ವೇಗೋತ್ಕರ್ಷ ಸಿಗುತ್ತದೆ. 12,10,00,000 ಅನ್ನು 548ರಿಂದ ಭಾಗಿಸಿದಾಗ ಬರುವುದು ಸುಮಾರು 2,20,800. ಇದನ್ನು ಗುರುತ್ವ ವೇಗೋತ್ಕರ್ಷವಾದ 9.8ರಿಂದ ಭಾಗಿಸಿದರೆ ಸುಮಾರು 22,500 ಪಟ್ಟು ಆಗುತ್ತದೆ. ತೋಪಿನೊಳಗಿನ ಪಯಣ ಮುಗಿಯುವುದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಲ್ಲಿ.

ಈ ಸಂಖ್ಯೆಯನ್ನು ಇಲ್ಲಿಗೆ ಬಿಡಬಾರದು. ಐವತ್ತು ಕಿಲೋಗ್ರಾಮ್ ತೂಕದ ವಿದ್ಯಾರ್ಥಿ ಆ ಗುಂಡಿನಲ್ಲಿದ್ದರೆ ಅವನ ಮೈಮೇಲೆ ಬೀಳುವ ಒತ್ತಡ ಎಷ್ಟರ ಭಾರಕ್ಕೆ ಸಮ? 50ನ್ನು 22,500ರಿಂದ ಗುಣಿಸಿದರೆ 11,25,000 ಕಿಲೋಗ್ರಾಮ್, ಎಂದರೆ 1,125 ಟನ್. ಸಕ್ಕರೆ ಕಾರ್ಖಾನೆಯ ಹಂಗಾಮಿನಲ್ಲಿ ರಸ್ತೆಗಳಲ್ಲಿ ಸಾಲುಗಟ್ಟುವ ಕಬ್ಬಿನ ಗಾಡಿಗಳನ್ನು ಈ ಭಾಗದ ಮಕ್ಕಳೆಲ್ಲರೂ ಕಂಡಿದ್ದಾರೆ. ಹತ್ತು ಹತ್ತು ಟನ್ನಿನ ನೂರಕ್ಕೂ ಮಿಕ್ಕಿದ ಲಾರಿಗಳನ್ನು ಒಬ್ಬನ ಮೇಲೆ ಹೇರಿದಂತೆ! ಗುಂಡಿನ ತಳದಲ್ಲಿ ನೀರಿನ ಪದರವಿಟ್ಟು ಆಘಾತವನ್ನು ತಗ್ಗಿಸುವ ಉಪಾಯವನ್ನು ವರ್ನ್ ಹೂಡಿದ್ದಾನೆ, ಆದರೆ ಇಷ್ಟು ಭಾರಕ್ಕೆ ಅದು ಏನೂ ಸಾಲದು. ಅಲ್ಲದೆ ನೆಲದ ಮಟ್ಟದ ದಟ್ಟ ಗಾಳಿಯಲ್ಲಿ ಅಷ್ಟು ವೇಗದಿಂದ ಹೊರಟ ಗುಂಡು ಘರ್ಷಣೆಯ ಹಾಗೂ ಗಾಳಿಯ ಸಂಪೀಡನದ ಶಾಖಕ್ಕೆ ತುತ್ತಾಗುತ್ತದೆ. ರಾಕೆಟ್ಟು ಅದೇ ವೇಗವನ್ನು ನಿಮಿಷಗಳ ಕಾಲ ಮೆಲ್ಲಮೆಲ್ಲನೆ ಗಳಿಸುತ್ತದೆ. ಅದರಲ್ಲಿಯ ಯಾತ್ರಿಕರು ಸಾಮಾನ್ಯವಾಗಿ ಸಹಿಸಬೇಕಾದದ್ದು ತಮ್ಮ ತೂಕದ 3ರಿಂದ 4 ಪಟ್ಟು ಮಾತ್ರ. ತೋಪಿನ ಬದಲು ರಾಕೆಟ್ಟು ಏಕೆ ಎಂಬ ಪ್ರಶ್ನೆಗೆ ವಿದ್ಯಾರ್ಥಿಯ ಲೆಕ್ಕವೇ ಉತ್ತರ ಕೊಡುತ್ತದೆ.

ಇದೇ ಕಥೆಯಲ್ಲಿ ಇನ್ನೂ ಸೂಕ್ಷ್ಮವಾದ ತಪ್ಪೊಂದಿದೆ. ಭೂಮಿಯ ಮತ್ತು ಚಂದ್ರನ ಆಕರ್ಷಣೆ ಸಮವಾಗುವ ಒಂದು ಬಿಂದುವಿನಲ್ಲಿ ಮಾತ್ರ ಯಾತ್ರಿಕರು ತೂಕವಿಲ್ಲದೆ ತೇಲುತ್ತಾರೆಂದು ವರ್ನ್ ಬರೆದಿದ್ದಾನೆ. ನಿಜವಾಗಿ, ವಾಯುಮಂಡಲವನ್ನು ದಾಟಿ ಯಂತ್ರದ ಬಲವಿಲ್ಲದೆ ಸಾಗುವಾಗ ದಾರಿಯುದ್ದಕ್ಕೂ ಅವರು ತೇಲಬೇಕು. ಏಕೆಂದರೆ ಗುಂಡು ಮತ್ತು ಅದರೊಳಗಿನ ಮನುಷ್ಯರು ಒಂದೇ ವೇಗೋತ್ಕರ್ಷದಿಂದ ಮುಕ್ತ ಪತನದಲ್ಲಿರುತ್ತಾರೆ. ಸೋಜಿಗವೆಂದರೆ, ಇದರ ಸುಳಿವು ಕಥೆಯಲ್ಲಿಯೇ ಇದೆ. ಸತ್ತ ನಾಯಿಯ ದೇಹವನ್ನು ಯಾತ್ರಿಕರು ಕಿಟಕಿಯಿಂದ ಹೊರಗೆಸೆದಾಗ ಅದು ಹಿಂದೆ ಬೀಳದೆ ಗುಂಡಿನ ಜೊತೆಯಲ್ಲಿಯೇ ಸಾಗುತ್ತದೆ. ಹೊರಗಿನ ನಾಯಿ ಜೊತೆಗೆ ತೇಲುವುದಾದರೆ ಒಳಗಿನ ಮನುಷ್ಯರು ನೆಲಕ್ಕೆ ಕಾಲೂರಿ ನಡೆಯುವುದು ಹೇಗೆ? ಈ ಪ್ರಶ್ನೆಯನ್ನು ವರ್ಗದ ಮುಂದಿಟ್ಟು ಅಧ್ಯಾಪಕರು ಐದು ನಿಮಿಷ ಮೌನವಾಗಿರುವುದು ಒಳ್ಳೆಯದು.

‘ಬಾಹ್ಯಾಕಾಶದಲ್ಲಿ ಗುರುತ್ವವಿಲ್ಲ, ಆದ್ದರಿಂದ ತೇಲುತ್ತಾರೆ’ ಎಂಬುದು ವಿದ್ಯಾರ್ಥಿಗಳಲ್ಲಿ ಬೇರೂರಿದ ತಪ್ಪು ಕಲ್ಪನೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುವ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿಯೂ ಗುರುತ್ವ ವೇಗೋತ್ಕರ್ಷ ಸುಮಾರು 8.7, ನೆಲದ ಮಟ್ಟದ ಹತ್ತರಲ್ಲಿ ಒಂಬತ್ತು ಪಾಲಿನಷ್ಟು. ಹತ್ತನೆಯ ಇಯತ್ತೆಯ ಪಠ್ಯದ ಗುರುತ್ವಾಕರ್ಷಣೆಯ ಸೂತ್ರದಿಂದ ವಿದ್ಯಾರ್ಥಿಗಳೇ ಇದನ್ನು ಕಂಡುಹಿಡಿಯಬಹುದು. ವರ್ನ್ ಮಾಡಿದ ತಪ್ಪೂ, ತಾವು ಮಾಡುತ್ತಿದ್ದ ತಪ್ಪೂ ಒಂದೇ ಬೇರಿನವು ಎಂದು ತಿಳಿದಾಗ ಅವರಿಗೆ ನಾಚಿಕೆಯಾಗುವುದಿಲ್ಲ. ದೊಡ್ಡವರೂ ಎಡವುವ ಕಡೆ ತಾವು ಎಡವಿದೆವೆಂಬ ಧೈರ್ಯ ಬರುತ್ತದೆ.

ಎರಡನೆಯ ಉದಾಹರಣೆ: ನಾರಳೀಕರರ ಧೂಮಕೇತು

ನಾರಳೀಕರರ ‘ಧೂಮಕೇತು’ ಕಥೆಯಲ್ಲಿ ಕೊಲ್ಕತ್ತದ ಹವ್ಯಾಸಿ ವೀಕ್ಷಕರೊಬ್ಬರು ತಮ್ಮ ಮನೆಯ ದೂರದರ್ಶಕದಿಂದ ಹೊಸ ಧೂಮಕೇತುವೊಂದನ್ನು ಕಾಣುತ್ತಾರೆ. ಅದು ಭೂಮಿಗೆ ಬಡಿಯಲಿದೆಯೆಂದು ಲೆಕ್ಕದಿಂದ ತಿಳಿದಾಗ ವಿಜ್ಞಾನಿಗಳು ಗುಟ್ಟಾಗಿ ಸೇರಿ, ಅಣುಸ್ಫೋಟದಿಂದ ಅದರ ದಾರಿಯನ್ನು ತಪ್ಪಿಸಲು ಯೋಜಿಸುತ್ತಾರೆ. ಇತ್ತ ಮನೆಯಲ್ಲಿ ಅನಿಷ್ಟ ಪರಿಹಾರಕ್ಕೆಂದು ಯಜ್ಞ ನಡೆಯುತ್ತದೆ. ಧೂಮಕೇತು ದೂರ ಸರಿಯುತ್ತದೆ. ಯಜ್ಞದಿಂದಲೇ ಗಂಡಾಂತರ ತಪ್ಪಿತೆಂದು ಮನೆಯವರು ನಂಬುತ್ತಾರೆ. ಈ ಕಥೆಯ ಇಂಗ್ಲಿಷ್ ರೂಪ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯ ಎಂಟನೆಯ ಇಯತ್ತೆಯ ಪೂರಕ ವಾಚನದಲ್ಲಿಯೂ ಸೇರಿತ್ತು.

ಇಲ್ಲಿ ಎರಡು ಪಾಠಗಳಿವೆ. ಮೊದಲನೆಯದು ಸಂವೇಗದ ಅಕ್ಷಯತೆ. ಅಮೇರಿಕೆಯ ನಾಸಾ ಸಂಸ್ಥೆ 2022ರ ಸೆಪ್ಟೆಂಬರ್ 26ರಂದು ‘ಡಾರ್ಟ್’ ಎಂಬ ನೌಕೆಯನ್ನು ಡೈಮಾರ್ಫಾಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಬೇಕೆಂದೇ ಢಿಕ್ಕಿ ಹೊಡೆಸಿತು. ಆ ಕ್ಷುದ್ರಗ್ರಹದಿಂದ ಭೂಮಿಗೆ ಅಪಾಯವೇನೂ ಇರಲಿಲ್ಲ, ಅದು ಪರೀಕ್ಷೆ ಮಾತ್ರ. ನೌಕೆಯ ದ್ರವ್ಯರಾಶಿ ಸುಮಾರು 580 ಕಿಲೋಗ್ರಾಮ್, ವೇಗ ಸೆಕೆಂಡಿಗೆ ಸುಮಾರು 6,100 ಮೀಟರ್. ಕ್ಷುದ್ರಗ್ರಹದ ಅಂದಾಜು ದ್ರವ್ಯರಾಶಿ 430 ಕೋಟಿ ಕಿಲೋಗ್ರಾಮ್. ನೌಕೆಯ ಸಂವೇಗವನ್ನು ಕ್ಷುದ್ರಗ್ರಹದ ದ್ರವ್ಯರಾಶಿಯಿಂದ ಭಾಗಿಸಿದರೆ ವೇಗದ ಬದಲಾವಣೆ ಸೆಕೆಂಡಿಗೆ ಸುಮಾರು 0.8 ಮಿಲಿಮೀಟರ್ ಎಂದು ಬರುತ್ತದೆ. ಇರುವೆಯ ನಡೆಗಿಂತಲೂ ಕಡಿಮೆ. ವಿಜ್ಞಾನಿಗಳು ಅಳೆದಾಗ ಕಂಡದ್ದು ಸುಮಾರು 2.7 ಮಿಲಿಮೀಟರ್. ಈ ಹೆಚ್ಚಳ ಎಲ್ಲಿಂದ ಬಂತು? ಢಿಕ್ಕಿಯಿಂದ ಸಿಡಿದ ಕಲ್ಲುಮಣ್ಣು ಹಿಮ್ಮುಖವಾಗಿ ಚಿಮ್ಮಿ, ಕ್ಷುದ್ರಗ್ರಹವನ್ನು ಇನ್ನಷ್ಟು ಮುಂದಕ್ಕೆ ತಳ್ಳಿತು. ರಾಕೆಟ್ಟು ಸಾಗುವುದೂ ಇದೇ ತತ್ತ್ವದಿಂದ. ತನ್ನ ಜೊತೆಯ ದೊಡ್ಡ ಕ್ಷುದ್ರಗ್ರಹವನ್ನು 11 ಗಂಟೆ 55 ನಿಮಿಷಗಳಲ್ಲಿ ಸುತ್ತುತ್ತಿದ್ದ ಡೈಮಾರ್ಫಾಸ್ ಢಿಕ್ಕಿಯ ತರುವಾಯ 11 ಗಂಟೆ 23 ನಿಮಿಷಗಳಲ್ಲಿ ಸುತ್ತತೊಡಗಿತು. ಹಿಂದಿನ ಶತಮಾನದಲ್ಲಿ ಬರೆದ ಕಥೆಯ ಮೂಲ ವಿಚಾರವು ಬೇರೊಂದು ವಿಧಾನದಿಂದ ನಿಜವಾದುದನ್ನು ವಿದ್ಯಾರ್ಥಿಗಳು ಇಲ್ಲಿ ತಮ್ಮ ಲೆಕ್ಕದ ಮೂಲಕವೇ ಕಾಣುತ್ತಾರೆ.

ಎರಡನೆಯ ಪಾಠ ಕಾರ್ಯಕಾರಣ ಸಂಬಂಧದ್ದು. ಎರಡು ಘಟನೆಗಳು ಒಟ್ಟಿಗೆ ನಡೆದರೆ ಒಂದು ಇನ್ನೊಂದರ ಕಾರಣವೇ? ‘ಯಜ್ಞ ನಡೆಯದೆ ಸ್ಫೋಟ ಮಾತ್ರ ನಡೆದಿದ್ದರೆ ಏನಾಗುತ್ತಿತ್ತು? ಸ್ಫೋಟ ನಡೆಯದೆ ಯಜ್ಞ ಮಾತ್ರ ನಡೆದಿದ್ದರೆ?’ ಎಂದು ಕೇಳಿ, ಪ್ರಯೋಗದಲ್ಲಿ ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದುವನ್ನು ಹಾಗೆಯೇ ಇಡುವ ಕ್ರಮ ಏತಕ್ಕೆ ಎಂಬುದನ್ನು ಹೊರಡಿಸಬೇಕು. ಇಲ್ಲಿ ಅಧ್ಯಾಪಕರು ಬಹಳ ಎಚ್ಚರದಿಂದಿರಬೇಕು. ಮಗುವಿನ ಮನೆಯ ಆಚರಣೆಯನ್ನು ಹೀಯಾಳಿಸುವುದು ವಿಜ್ಞಾನ ಬೋಧನೆಯಲ್ಲ. ಹೀಯಾಳಿಕೆಗೆ ಗುರಿಯಾದ ಮಗು ಮತ್ತೆ ಬಾಯಿ ತೆರೆಯುವುದಿಲ್ಲ. ಪ್ರಶ್ನೆ ಕಥೆಯ ಪಾತ್ರಗಳ ಸುತ್ತಲೇ ಇರಲಿ. ಅದನ್ನು ಮನೆಗೆ ಕೊಂಡೊಯ್ಯುವುದು ಮಗುವಿಗೆ ಬಿಟ್ಟ ವಿಷಯ.

ನಾರಳೀಕರರ ‘ಉಜವ್ಯಾ ಸೊಂಡೇಚಾ ಗಣಪತಿ’ ಕಥೆಯಲ್ಲಿ ವಸ್ತುವು ಕನ್ನಡಿಯ ಪ್ರತಿಬಿಂಬದಂತೆ ಎಡಬಲ ಅದಲುಬದಲಾಗುವ ಕಲ್ಪನೆಯಿದೆ. ಒಂಬತ್ತನೆಯ ಇಯತ್ತೆಯ ಬೆಳಕಿನ ಪ್ರತಿಫಲನದೊಂದಿಗೆ ಇದನ್ನು ಜೋಡಿಸಬಹುದು. ಪಾರದರ್ಶಕ ಪ್ಲಾಸ್ಟಿಕ್ಕಿನ ಉದ್ದ ಪಟ್ಟಿಗೆ ಒಂದು ಅರ್ಧ ತಿರುವು ಕೊಟ್ಟು ತುದಿಗಳನ್ನು ಅಂಟಿಸಬೇಕು. ಅದರ ಮೇಲೆ ಎಡಕ್ಕೆ ಸೊಂಡಿಲಿರುವ ಆಕೃತಿಯನ್ನು ಬರೆದು, ಅದನ್ನೇ ಪಟ್ಟಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಮುಂದೆ ತಿದ್ದುತ್ತ ಹೋದರೆ, ಒಂದು ಸುತ್ತು ಮುಗಿದಾಗ ಮೊದಲ ಜಾಗದಲ್ಲಿ ಸೊಂಡಿಲು ಬಲಕ್ಕೆ ಬಂದಿರುತ್ತದೆ. ಪಟ್ಟಿಯ ಮೇಲಿನ ಚಿತ್ರಕ್ಕೆ ಇದು ಸಾಧ್ಯ, ನಮ್ಮ ಲೋಕದ ಘನ ವಸ್ತುವನ್ನು ಹೀಗೆ ತಿರುಗಿಸುವ ಉಪಾಯ ಯಾರಿಗೂ ತಿಳಿದಿಲ್ಲ. ಇದು ಯಾವ ಕಾಲಮಿಗೆ ಸೇರಬೇಕೆಂಬ ಚರ್ಚೆಯಲ್ಲಿಯೇ ಒಂದು ಅವಧಿ ಕಳೆಯುತ್ತದೆ.

ಪರಿಭಾಷೆಯ ಎಡವುಗಲ್ಲು

ಮರಾಠಿಯ ಕಥೆಯನ್ನು ಕನ್ನಡ ಮಾಧ್ಯಮದ ವರ್ಗಕ್ಕೆ ತರುವಾಗ ಪಾರಿಭಾಷಿಕ ಪದಗಳ ಬಗೆಗೆ ಜಾಗರೂಕತೆ ಬೇಕು. ಎರಡೂ ಭಾಷೆಗಳು ಸಂಸ್ಕೃತದಿಂದಲೇ ಪದಗಳನ್ನು ಪಡೆದಿದ್ದರೂ ಒಂದೇ ಪದಕ್ಕೆ ಒಂದೇ ಅರ್ಥವನ್ನು ಕೊಟ್ಟಿಲ್ಲ.

ಇವುಗಳಲ್ಲಿ ಹೆಚ್ಚು ಅಪಾಯದ್ದು ‘ಶಕ್ತಿ’. ಕನ್ನಡದ ವಿಜ್ಞಾನ ಬರಹದಲ್ಲಿ ಶಕ್ತಿಯನ್ನು ಜೂಲಿನಲ್ಲಿ ಅಳೆಯುತ್ತಾರೆ, ವಾಟಿನಲ್ಲಿ ಅಳೆಯುವುದಕ್ಕೆ ‘ಸಾಮರ್ಥ್ಯ’ ಎನ್ನುತ್ತಾರೆ. ಮರಾಠಿಯಲ್ಲಿ ಜೂಲಿನದು ‘ಊರ್ಜಾ’, ವಾಟಿನದು ‘ಶಕ್ತಿ’. ಮರಾಠಿಯಲ್ಲಿ ಶಕ್ತಿ ಎಂದು ಓದಿದ ಮಗು ಕನ್ನಡದಲ್ಲಿಯೂ ಅದೇ ಅರ್ಥದಲ್ಲಿ ಹಿಡಿದರೆ ಏಕಮಾನ ತಪ್ಪುತ್ತದೆ, ಅಂಕವೂ ತಪ್ಪುತ್ತದೆ. ಮರಾಠಿಯ ‘ವಸ್ತುಮಾನ’ ಕನ್ನಡದ ದ್ರವ್ಯರಾಶಿ, ‘ತ್ವರಣ’ ವೇಗೋತ್ಕರ್ಷ, ‘ಚಾಲ’ ಜವ, ‘ಮುಕ್ತಿವೇಗ’ ವಿಮೋಚನಾ ವೇಗ, ‘ಕೃಷ್ಣವಿವರ’ ಕಪ್ಪುಕುಳಿ. ವೇಗ, ಬಲ, ಸಂವೇಗ ಎರಡರಲ್ಲಿಯೂ ಒಂದೇ.

ವರ್ಗದ ಗೋಡೆಯ ಮೇಲೆ ಎರಡು ಸಾಲಿನ ಪದಪಟ್ಟಿಯನ್ನು ತೂಗುಹಾಕಿ, ಕಥೆಯಿಂದ ಕಥೆಗೆ ವಿದ್ಯಾರ್ಥಿಗಳಿಂದಲೇ ಅದನ್ನು ಬೆಳೆಸಬೇಕು. ಪರೀಕ್ಷೆಯಲ್ಲಿ ಬರೆಯಬೇಕಾದದ್ದು ತಮ್ಮ ಪಠ್ಯಪುಸ್ತಕದ ಪದವನ್ನೇ ಎಂಬುದನ್ನು ಮೊದಲಿಗೇ ತಿಳಿಸಬೇಕು. ಒಂದೇ ಸಂಗತಿಗೆ ಎರಡು ಹೆಸರುಗಳನ್ನು ಬಲ್ಲ ಮಗು ಹೆಸರೇ ಸಂಗತಿಯಲ್ಲವೆಂಬುದನ್ನು ಉಳಿದವರಿಗಿಂತ ಬೇಗ ಅರಿಯುತ್ತದೆ.

ಊರಿನ ಕಥೆ, ಮಕ್ಕಳ ಕೈಯಲ್ಲಿ

ಎರಡು ಮೂರು ಕಥೆಗಳನ್ನು ಪರೀಕ್ಷಿಸಿದ ಮೇಲೆ ವಿದ್ಯಾರ್ಥಿಗಳು ತಾವೇ ಕಥೆ ಬರೆಯಬಹುದು. ಅನ್ಯಗ್ರಹದ ಯುದ್ಧಗಳನ್ನು ಬರೆಯುವ ಆಸೆ ಅವರಿಗೆ ಸಹಜ. ಆದರೆ ತಮ್ಮ ಕಣ್ಣಿನಿಂದ ಕಂಡ ಕೆಲಸವೇ ಕಥೆಯ ಆಧಾರವಾದರೆ ವಿಜ್ಞಾನ ಗಟ್ಟಿಯಾಗುತ್ತದೆ.

ಶಿರೋಳಿಯ ಕೈಗಾರಿಕಾ ವಸಾಹತಿನ ಫೌಂಡ್ರಿಗಳನ್ನು ಬಲ್ಲ ಮಗುವಿಗೆ ‘ಚಂದ್ರನ ಮೇಲೊಂದು ಫೌಂಡ್ರಿ’ ಎಂಬ ವಿಷಯ ಕೊಡಬಹುದು. ಅಲ್ಲಿ ಗಾಳಿಯಿಲ್ಲ, ಕೋಕ್ ಉರಿಯುವುದಿಲ್ಲ. ಹಾಗಾದರೆ ಕಬ್ಬಿಣ ಕರಗಿಸುವುದು ಹೇಗೆ? ವಿದ್ಯುತ್ ಪ್ರೇರಣೆಯ ಕುಲುಮೆಗೆ ಗಾಳಿ ಬೇಡ, ಅದು ನಡೆಯುತ್ತದೆ. ಅಚ್ಚಿನ ಮರಳನ್ನು ನೀರು ಬೆರೆಸಿ ಹದ ಮಾಡುವಂತಿಲ್ಲ, ಏಕೆಂದರೆ ನಿರ್ವಾತದಲ್ಲಿ ನೀರು ಕುದಿದು ಆವಿಯಾಗುತ್ತದೆ. ಗುರುತ್ವ ಆರನೆಯ ಒಂದು ಪಾಲು ಮಾತ್ರ, ಆದ್ದರಿಂದ ಕರಗಿದ ಲೋಹ ಅಚ್ಚಿನ ಮೂಲೆಗಳನ್ನು ಇಲ್ಲಿಯಷ್ಟು ಒತ್ತಡದಿಂದ ತುಂಬದು. ಇಚಲಕರಂಜಿಯ ಪಾವರ್‌ಲೂಮ್‌ಗಳ ಸದ್ದಿನ ನಡುವೆ ಬೆಳೆದ ಮಗುವಿಗೆ ಚಂದ್ರನ ಮೇಲಿನ ಮಗ್ಗದ ಕಥೆ ಹೊಂದುತ್ತದೆ. ಅಲ್ಲಿ ಲಾಳಿ ಬಡಿಯುವ ಸದ್ದು ಕಿವಿಗೆ ಕೇಳುವುದಿಲ್ಲ, ಆದರೆ ನೆಲದ ಕಂಪನ ಪಾದಕ್ಕೆ ತಿಳಿಯುತ್ತದೆ. ಧ್ವನಿಗೆ ಮಾಧ್ಯಮ ಬೇಕೆಂಬ ಒಂಬತ್ತನೆಯ ಇಯತ್ತೆಯ ಪಾಠ ಈ ಒಂದು ವಾಕ್ಯದಲ್ಲಿ ಅಡಗಿದೆ.

2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳುಗಳಲ್ಲಿ ಪಂಚಗಂಗೆಯ ಮಹಾಪೂರದಿಂದ ಶಿರೋಳಿಯ ಬಳಿ ಪುಣೆ–ಬೆಂಗಳೂರು ಹೆದ್ದಾರಿಯೇ ಮುಚ್ಚಿತ್ತು. ಐವತ್ತು ವರ್ಷಗಳ ನಂತರದ ಮಹಾಪೂರವನ್ನು ಊರು ಎದುರಿಸುವ ಕಥೆಯನ್ನು ಮಕ್ಕಳು ಬರೆಯಲಿ. ನೀರಿನ ಮಟ್ಟ ಏರಿದಾಗ ತಾವಾಗಿಯೇ ತೆರೆದುಕೊಳ್ಳುವ ರಾಧಾನಗರಿ ಅಣೆಕಟ್ಟೆಯ ಬಾಗಿಲುಗಳು ಯಾವ ತತ್ತ್ವದಿಂದ ಕೆಲಸ ಮಾಡುತ್ತವೆ ಎಂಬುದನ್ನು ವಿಚಾರಿಸದೆ ಅಂಥ ಕಥೆ ಮುಂದೆ ಸಾಗದು. ಹತ್ತನೆಯ ಇಯತ್ತೆಯ ಆಪತ್ತು ನಿರ್ವಹಣೆಯ ಘಟಕಕ್ಕೆ ಇದು ನೇರವಾಗಿ ಸೇರುತ್ತದೆ. ಆದರೆ ಮನೆ, ದನಕರುಗಳನ್ನು ಕಳೆದುಕೊಂಡ ಕುಟುಂಬದ ಮಗು ವರ್ಗದಲ್ಲಿದ್ದರೆ ಈ ವಿಷಯವನ್ನು ಕಡ್ಡಾಯ ಮಾಡಬಾರದು.

ಕಥೆ ಬರೆಯುವವರಿಗೆ ಒಂದೇ ನಿಯಮ ಸಾಕು: ಒಂದು ಸಂಗತಿಯನ್ನು ಮಾತ್ರ ಕಲ್ಪಿಸಿಕೊಳ್ಳಬಹುದು, ಉಳಿದುದೆಲ್ಲ ತಿಳಿದ ನಿಯಮದಂತೆ ನಡೆಯಬೇಕು. ಎಲ್ಲವನ್ನೂ ಕಲ್ಪಿಸಿದರೆ ಅದು ಮಾಯಾಮಂತ್ರದ ಕಥೆಯಾಗುತ್ತದೆ.

ಕೆಲವು ಎಚ್ಚರಿಕೆಗಳು

ಒಂದು, ಪರೀಕ್ಷಿಸದೆ ಬಿಟ್ಟ ಕಥೆ ಹಾನಿಕರ. ಮುದ್ರಿತವಾದದ್ದೆಲ್ಲ ನಿಜವೆಂದು ನಂಬುವ ವಯಸ್ಸಿನ ಮಗುವಿಗೆ ಕಥೆಯ ತಪ್ಪೇ ವಿಜ್ಞಾನವಾಗಿ ಉಳಿದುಬಿಡಬಹುದು. ಸಮಯವಿಲ್ಲದಿದ್ದರೆ ಕಥೆಯನ್ನು ತೆಗೆದುಕೊಳ್ಳದಿರುವುದೇ ಲೇಸು.

ಎರಡು, ತಪ್ಪು ಹುಡುಕುವುದೇ ಗುರಿಯಾಗಬಾರದು. 1896ರಲ್ಲಿ ಜಗದೀಶಚಂದ್ರ ಬೋಸರು ಬಂಗಾಳಿಯಲ್ಲಿ ಬರೆದ ಕಥೆಯೊಂದರಲ್ಲಿ ತಲೆಗೆ ಹಚ್ಚುವ ಎಣ್ಣೆಯಿಂದ ಸಮುದ್ರದ ಬಿರುಗಾಳಿ ಶಾಂತವಾಗುತ್ತದೆ. ಎಣ್ಣೆಯ ತೆಳುಪದರ ಮೇಲ್ಮೈ ಎಳೆತವನ್ನು ಬದಲಿಸಿ ಸಣ್ಣ ಅಲೆಗಳನ್ನು ತಗ್ಗಿಸುವುದು ನಿಜ. ಅದರಿಂದ ಬಿರುಗಾಳಿ ನಿಲ್ಲುವುದು ವಿನೋದ. ನಿಜವೆಲ್ಲಿ ಮುಗಿದು ವಿನೋದವೆಲ್ಲಿ ತೊಡಗಿತೆಂದು ಗುರುತಿಸಿ ನಗಬಲ್ಲ ವಿದ್ಯಾರ್ಥಿ ಮೇಲ್ಮೈ ಎಳೆತವನ್ನು ಅರಿತವನೇ ಸರಿ.

ಮೂರು, ಓದು ನಿಧಾನವಿರುವ ಮಗುವನ್ನು ಹಿಂದೆ ಬಿಡಬಾರದು. 1980ರ ‘ಕರ್ವಾಲೊ’ ಕಾದಂಬರಿಯಲ್ಲಿ ಹಾರುವ ಓತಿಯನ್ನು ಅರಸುವ ವಿಜ್ಞಾನಿ, ಶಾಲೆಯ ಲೆಕ್ಕದಲ್ಲಿ ದಡ್ಡನೆನಿಸಬಹುದಾದ ಹಳ್ಳಿಯ ಮಂದಣ್ಣನ ಕಣ್ಣನ್ನು ನಂಬುತ್ತಾನೆ. ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮದಿಂದ ಮರದಿಂದ ಮರಕ್ಕೆ ತೇಲುವ ಅಂಥ ಓತಿ ಪಶ್ಚಿಮ ಘಟ್ಟಗಳಲ್ಲಿ ನಿಜವಾಗಿಯೂ ಇದೆ. ಪ್ರಾಣಿಗಳ ವರ್ಗೀಕರಣದ ಪಾಠಕ್ಕೆ ಈ ಕಾದಂಬರಿ ಒದಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಪ್ರತಿ ವರ್ಗದಲ್ಲಿಯೂ ಒಬ್ಬ ಮಂದಣ್ಣ ಇರುತ್ತಾನೆಂಬುದನ್ನು ಅದು ಅಧ್ಯಾಪಕರಿಗೆ ನೆನಪಿಸುತ್ತದೆ. ಕುಲುಮೆಯ ಬಣ್ಣ ನೋಡಿ ಲೋಹದ ಹದ ಹೇಳುವ ತಂದೆಯ ಮಗ ಓದುವುದರಲ್ಲಿ ಹಿಂದಿರಬಹುದು. ಚಂದ್ರನ ಫೌಂಡ್ರಿಯ ಚರ್ಚೆಯಲ್ಲಿ ಅವನೇ ಮುಂದಿರುತ್ತಾನೆ.

ಮೌಲ್ಯಮಾಪನ

ಕಥೆಯ ಸಾರಾಂಶವನ್ನು ಕೇಳುವ ಪ್ರಶ್ನೆ ಇಲ್ಲಿ ಬೇಡ. ಮೂರು ಪ್ರಶ್ನೆಗಳು ಸಾಕು. ಕಥೆಯಲ್ಲಿ ಬಳಸಿದ ವೈಜ್ಞಾನಿಕ ನಿಯಮ ಯಾವುದು? ಕಥೆಗಾರನು ಅದನ್ನು ಎಲ್ಲ ಕಡೆಯೂ ಪಾಲಿಸಿದ್ದಾನೆಯೇ? ಪಾಲಿಸದಿದ್ದಲ್ಲಿ ಏನಾಗಬೇಕಾಗಿತ್ತು, ಲೆಕ್ಕದಿಂದ ಅಥವಾ ಪ್ರಯೋಗದಿಂದ ತೋರಿಸಿರಿ. ಮೂರನೆಯ ಪ್ರಶ್ನೆಗೆ ಅರ್ಧ ಉತ್ತರ ಬರೆದವನಿಗೂ ಅಂಕ ಸಲ್ಲಬೇಕು. ದಾರಿ ಹಿಡಿದವನು ಇಂದಲ್ಲ ನಾಳೆ ಊರು ಸೇರುತ್ತಾನೆ.

ಸೆಕೆಂಡಿಗೆ 11.2 ಕಿಲೋಮೀಟರ್ ಎಂಬ ಸಂಖ್ಯೆ ಪರೀಕ್ಷೆಯ ನಂತರ ಮರೆತುಹೋಗಬಹುದು. ಆ ವೇಗವನ್ನು ತೋಪು ಒಮ್ಮೆಲೇ ಕೊಟ್ಟರೆ ಮನುಷ್ಯ ಉಳಿಯುವುದಿಲ್ಲ, ರಾಕೆಟ್ಟು ಮೆಲ್ಲಗೆ ಕೊಟ್ಟರೆ ಚಂದ್ರನನ್ನು ಸುತ್ತಿ ಬರುತ್ತಾನೆ ಎಂಬುದನ್ನು ತಾನೇ ಲೆಕ್ಕ ಹಾಕಿ ಕಂಡ ಮಗು, ಅದನ್ನು ಮರೆಯುವುದಿಲ್ಲ. ಮುಂದೆ ಅದು ಕಾಲೇಜಿಗೆ ಹೋಗಲಿ, ಫೌಂಡ್ರಿಗೆ ಹೋಗಲಿ, ಯಾರಾದರೂ ಅದ್ಭುತವನ್ನು ಹೇಳಿದಾಗ ‘ಎಷ್ಟು? ಹೇಗೆ?’ ಎಂದು ಕೇಳುವ ಅಭ್ಯಾಸ ಅದರ ಜೊತೆಯಲ್ಲಿ ಹೋಗುತ್ತದೆ.